ಹೆಂಡತಿಗಷ್ಟೇ ರಿಯಾಯಿತಿ

ನವೆಂಬರ್ ೧೭, ಭಾನುವಾರ

ಪ್ರೀತಿಯ ಗುಬ್ಬಿ,

ಅತ್ತಿಗೆಯ ಆಶೀರ್ವಾದಗಳು. ನೀನು ಕ್ಷೇಮ, ನಿನ್ನ ಯಜಮಾನರು ಕ್ಷೇಮ, ಮಗಳು ಪರೀಕ್ಷೆಯ ಗಡಿಬಿಡಿಯಲ್ಲಿದ್ದಾಳೆ ಎಂದುಕೊಂಡು ಶುರು ಮಾಡುತ್ತೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರಲಿಲ್ಲವೆಂದು ಬೈದುಕೊಂಡಿರುತ್ತೀಯ. ಬೈದುಕೋ, ಆಮೇಲೆ ಕ್ಷಮಿಸು. ಬರೆಯೋಣ ಎಂದು ಕೂತರೆ ಒಂದು ದಿನ ಕೈ ಮಾತು ಕೇಳುವುದಿಲ್ಲ, ಇನ್ನೊಂದು ದಿನ ಮನಸ್ಸು. ಇವತ್ತು ಎರಡೂ ಹೇಗೋ ಒಪ್ಪಿಕೊಂಡಿವೆ. ಅಕ್ಷರ ಕಾಗೆಕಾಲು ಗುಬ್ಬಿಕಾಲು ಆಗಿದ್ದರೆ ನಿನ್ನ ಹೆಸರಿಗೇ ಮರ್ಯಾದೆ ಕೊಟ್ಟೆ ಎಂದುಕೋ.

ನೀನು ಕೇಳಿದ್ದೀಯ, “ಅತ್ತಿಗೆ, ಬೇರೆ ಆಗ್ತೀವಿ ಅಂದು ವರ್ಷದ ಮೇಲಾಯ್ತು. ಇನ್ನೂ ಒಂದೇ ಮನೇಲಿ ಇದೀರಲ್ಲ, ಏನು ನಡೀತಿದೆ ಅಲ್ಲಿ?” ಪಕ್ಕದ ಮನೆಯವರೂ ಕೇಳುತ್ತಿದ್ದರು. ಅಂಗಡಿಯಲ್ಲಿ ಜೊತೆಗೆ ಹೊಲಿಯುವವರೂ ಕೇಳುತ್ತಿದ್ದರು. ಅವರಿಗೆಲ್ಲ ಏನೇನೋ ಹೇಳಿ ಮಾತು ತೇಲಿಸಿದೆ. ನಿನಗೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ನಿನ್ನ ಅಣ್ಣನನ್ನೂ ನನ್ನನ್ನೂ ಇಷ್ಟು ದಿನ ಒಂದೇ ಸೂರಿನಡಿ ಕಟ್ಟಿಹಾಕಿದ್ದು ನನ್ನ ಇಂಜೆಕ್ಷನ್ನು.

ನಗಬೇಡ. ಡಿಪೋದಲ್ಲಿ ನಿನ್ನ ಅಣ್ಣನ ಜೊತೆ ಕೆಲಸ ಮಾಡುವ ಆ ಟೈಮ್‌ಕೀಪರ್ ಹೆಂಗಸಿನ ವಿಷಯ ನನಗೆ ಗೊತ್ತಾಗಿ, ಅತ್ತು ಕರೆದು ಎಲ್ಲ ಮುಗಿದ ಮೇಲೆ, ನಾವಿಬ್ಬರೂ ಒಟ್ಟಿಗೇ ವಕೀಲರ ಹತ್ತಿರ ಹೋದೆವು. ಒಂದೇ ಬಸ್ಸಿನಲ್ಲಿ, ಪಕ್ಕಪಕ್ಕದ ಸೀಟಿನಲ್ಲಿ. ವಕೀಲೆ ಚಿಕ್ಕ ವಯಸ್ಸಿನವಳು. ನಮ್ಮ ಮಾತು ಕೇಳಿ ಖುಷಿಯಾಗಿಬಿಟ್ಟಳು. “ಇಬ್ಬರಿಗೂ ಒಪ್ಪಿಗೆ ಇದೆ, ಮಕ್ಕಳಿಲ್ಲ, ಆಸ್ತಿ ಜಗಳ ಇಲ್ಲ. ನಿಮ್ಮಂಥೋರು ಸಿಗೋದೇ ಅಪರೂಪ” ಎಂದಳು. ಮೆಚ್ಚುಗೆ ಸಿಕ್ಕಿದ ಮಕ್ಕಳ ಹಾಗೆ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಎದ್ದು ಹೊರಡುವಾಗ ನಾನು ಸುಮ್ಮನೆ ಕೇಳಿದೆ, “ಮೇಡಂ, ಡಿಪೋದ ಔಷಧಿ ಕಾರ್ಡು? ಅದು ನನಗೆ ಹಾಗೇ ಇರುತ್ತಲ್ಲ?”

ಅವಳು ಪೆನ್ನಿನ ಮುಚ್ಚಳ ಹಾಕುತ್ತಾ ಹೇಳಿದಳು, “ಅದು ನೌಕರನ ಹೆಂಡತಿಗೆ ಕೊಡೋ ಕಾರ್ಡಲ್ವಾ? ಹೆಂಡತಿ ಅಲ್ಲ ಅಂದ ಮೇಲೆ ಎಲ್ಲಿಯ ಕಾರ್ಡು?”

ನನ್ನ ಕೀಲುಗಳ ಕಥೆ ನಿನಗೆ ಗೊತ್ತು. ಆ ಇಂಜೆಕ್ಷನ್ ಬರುವುದಕ್ಕೆ ಮುಂಚೆ ನಾನು ಬಾಚಣಿಗೆ ಹಿಡಿಯಲಾರದೆ ಕೂದಲು ಕತ್ತರಿಸಿಕೊಂಡದ್ದನ್ನೂ ನೀನು ನೋಡಿದ್ದೀಯ. ಅದು ಬಂದ ಮೇಲೆ ತಾನೇ ನಾನು ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂತದ್ದು. ಕಾರ್ಡಿದ್ದರೆ ಅದರ ಬೆಲೆ ಒಂದು ಜೊತೆ ಚಪ್ಪಲಿಯಷ್ಟು. ಕಾರ್ಡಿಲ್ಲದಿದ್ದರೆ ಒಂದು ತಿಂಗಳ ಮದ್ದಿಗೆ ನಾನು ಎರಡು ತಿಂಗಳು ಪರದೆ ಹೊಲಿಯಬೇಕು. ವಕೀಲೆಯ ಮೆಟ್ಟಿಲು ಇಳಿಯುವಾಗ ನಿನ್ನ ಅಣ್ಣ ಕಂಬಿ ಹಿಡಿದು ನಿಂತು, “ಮದ್ದಿಗೆ ಏನಾದ್ರೂ ಒಂದು ದಾರಿ ಆಗೋವರೆಗೂ ಹೀಗೇ ಇರೋಣ ಬಿಡು” ಎಂದರು. ಒಳ್ಳೆಯ ಮಾತೇ. ಅವರು ಕೆಟ್ಟವರಲ್ಲ ಗುಬ್ಬಿ, ಅದೇ ಕಷ್ಟ. ಕೆಟ್ಟವರಾಗಿದ್ದರೆ ಬಾಗಿಲು ಬಡಿದು ಹೊರಟುಬಿಡುತ್ತಿದ್ದೆ.

ಹೀಗೇ ಇರುವುದು ಹೇಗೆಂದು ಹೇಳುತ್ತೇನೆ ಕೇಳು. ಮುಂದಿನ ಕೋಣೆಯ ಸೋಫಾ ಅವರದು, ಹಿಂದಿನ ಕೋಣೆ ನನ್ನದು. ಮಧ್ಯೆ ಬಾಗಿಲಿಲ್ಲವಲ್ಲ, ಅಂಗಡಿಯಲ್ಲಿ ಉಳಿದ ದಪ್ಪ ಬಟ್ಟೆ ತಂದು ನಾನೇ ಒಂದು ಪರದೆ ಹೊಲಿದು ಹಾಕಿದೆ. ಊರವರ ಕಿಟಕಿಗೆಲ್ಲ ಪರದೆ ಹೊಲಿದವಳು, ಗಂಡನಿಗೂ ನನಗೂ ನಡುವೆ ಒಂದು ಹೊಲಿದುಕೊಂಡೆ. ಪರದೆ ಕಣ್ಣಿಗೆ ಅಡ್ಡ, ಕಿವಿಗಲ್ಲ. ಅವರು ಕೆಮ್ಮಿದರೆ ನನಗೆ ಎಚ್ಚರ. ನಾನು ಲೋಟ ಬೀಳಿಸಿದರೆ ಅವರು “ಏನಾಯ್ತು?” ಎಂದು ಕೇಳಿ, ನಾನು “ಏನಿಲ್ಲ” ಎಂದಮೇಲೆ ಮತ್ತೆ ಮಲಗುತ್ತಿದ್ದರು. ಬಚ್ಚಲಿಗೆ ಹೋಗಬೇಕಾದರೆ ಅವರ ಕಾಲ ಬಳಿ ಹಾದುಹೋಗಬೇಕು. ಭಾನುವಾರ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು “ಬರ್ತೀನಿ” ಎಂದು ಅವಳ ಮನೆಗೆ ಹೊರಡುತ್ತಿದ್ದರು. ನಾನು “ಹೂಂ” ಎನ್ನುತ್ತಿದ್ದೆ. ಬಾಡಿಗೆ ಕೊಡದ ಬಾಡಿಗೆದಾರರ ಹಾಗೆ ಇದ್ದೆವು, ಇಬ್ಬರೂ.

ತಿಂಗಳಿಗೊಮ್ಮೆ ಮಾತ್ರ ಒಟ್ಟಿಗೆ ಹೊರಗೆ ಹೋಗಲೇಬೇಕು. ಕಾರ್ಡಿಗೆ ನೌಕರನ ಸಹಿ ಬೇಕು, ಮದ್ದಿಗೆ ರೋಗಿಯ ಸಹಿ ಬೇಕು. ಔಷಧಿ ಅಂಗಡಿಯ ಯಜಮಾನರಿಗೆ ನಮ್ಮನ್ನು ಕಂಡರೆ ಎಲ್ಲಿಲ್ಲದ ಪ್ರೀತಿ. ಕ್ಯೂನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ ಒಮ್ಮೆ ಹೇಳಿದರು, “ನೋಡಿ, ಗಂಡ ಹೆಂಡತಿ ಅಂದ್ರೆ ಹೀಗಿರ್ಬೇಕು. ಒಂದು ತಿಂಗಳಾದ್ರೂ ಒಬ್ಬರೇ ಬಂದಿದ್ದು ನಾನು ನೋಡಿಲ್ಲ.” ನಿನ್ನ ಅಣ್ಣ ಐಸ್ ಇಟ್ಟ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತಾ ನಿಂತರು. ನಾನು ನಕ್ಕೆ. ಏನು ಮಾಡಲಿ ಹೇಳು?

ಅಲ್ಲಿಂದ ಶುರುವಾಯಿತು ನನ್ನ ಕೂಪನ್ ಬೇಟೆ. ರಿಯಾಯಿತಿ ಎಂದರೇನೆಂದು ನನಗೆ ಹೊಸದಾಗಿ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಅಂಗಡಿಯಲ್ಲೇ ಮೊದಲು ಬೆಲೆ ಏರಿಸಿ, ಆಮೇಲೆ ಅದರ ಮೇಲೆ ಕೆಂಪು ಗೀಟು ಎಳೆಯುತ್ತಾರೆ. ಆದರೆ ಮದ್ದಿನ ರಿಯಾಯಿತಿ ಬೇರೆಯೇ ಒಂದು ಲೋಕ. ಫೋನಿನಲ್ಲಿ ಮದ್ದಿನ ಹೆಸರು ಹಾಕಿದರೆ ಸಾಕು, ಬಣ್ಣಬಣ್ಣದ ಕೂಪನ್ನುಗಳು ಉದುರುತ್ತವೆ. ಅರ್ಧ ಬೆಲೆ, ಕಾಲು ಬೆಲೆ, ಮೊದಲ ಪೆಟ್ಟಿಗೆ ಉಚಿತ. ಮನಸ್ಸು ಕುಣಿಯುತ್ತದೆ. ಕೆಳಗೆ ಇರುವೆಯಂಥ ಅಕ್ಷರದಲ್ಲಿ ಬರೆದಿರುತ್ತದೆ: ಹೊಸ ರೋಗಿಗಳಿಗೆ ಮಾತ್ರ. ಬೇರೆ ಯಾವ ಕಾರ್ಡೂ ಇರಬಾರದು. ಇನ್ನೊಂದು ರಿಯಾಯಿತಿಯ ಜೊತೆ ಸೇರಿಸುವಂತಿಲ್ಲ. ಒಂದನ್ನು ಧೈರ್ಯ ಮಾಡಿ ಅಂಗಡಿಗೆ ಒಯ್ದೆ. ಯಜಮಾನರು ನಂಬರು ಒತ್ತಿದರು, ಕನ್ನಡಕ ಮೇಲೆತ್ತಿ ಕಂಪ್ಯೂಟರ್ ನೋಡಿದರು, ಮತ್ತೆ ಒತ್ತಿದರು. “ತಗೊಳ್ತಿಲ್ಲಮ್ಮ. ನಿಮಗೆ ಡಿಪೋ ಕಾರ್ಡು ಇದೆ ಅಂತ ತೋರಿಸ್ತಿದೆ. ಅಷ್ಟು ಒಳ್ಳೆ ಕಾರ್ಡು ಇಟ್ಕೊಂಡು ಇದೆಲ್ಲ ಯಾಕೆ ನಿಮಗೆ?” ಹಿಂದೆ ನಿಂತವರು ಗೊಣಗಿದರು. ಗಂಡನಿಂದ ಬಿಡಿಸಿಕೊಳ್ಳುವುದಕ್ಕೆ ಎಂದು ಕೌಂಟರಿನಲ್ಲಿ ನಿಂತು ಹೇಳಲಾಗುತ್ತದೆಯೇ?

ಮದ್ದಿನ ಕಂಪನಿಯ ಸಹಾಯವಾಣಿಗೂ ಫೋನ್ ಮಾಡಿದೆ. ಸಂಗೀತ ಹಾಕಿ ಕೂರಿಸುತ್ತಾರೆ. ನಡುನಡುವೆ ಒಂದು ಹೆಣ್ಣುದನಿ, “ನಿಮ್ಮ ಕರೆ ನಮಗೆ ಬಹಳ ಮುಖ್ಯ” ಎನ್ನುತ್ತದೆ. ನಾನು ಇಷ್ಟು ಮುಖ್ಯ ಅಂತ ಈಚೆಗೆ ಬೇರೆ ಯಾರೂ ಹೇಳಿರಲಿಲ್ಲ, ಅದಕ್ಕೇ ಸುಮಾರು ಹೊತ್ತು ಕೇಳಿಸಿಕೊಂಡೆ. ಕೊನೆಗೆ ಮಾತಿಗೆ ಸಿಕ್ಕ ಹುಡುಗಿ ಕಾರ್ಡು ಇದೆಯೇ ಎಂದು ಕೇಳಿದಳು. ಇದೆ ಎಂದೆ. “ಹಾಗಿದ್ರೆ ನಿಮಗೆ ಯಾವ ತೊಂದರೆಯೂ ಇಲ್ಲ ಮೇಡಂ” ಎಂದು ಶುಭಾಶಯ ಹೇಳಿ ಇಟ್ಟಳು.

ಆಗ ನನಗೊಂದು ದಡ್ಡ ಉಪಾಯ ಹೊಳೆಯಿತು. ವಾರಕ್ಕೊಂದು ಚುಚ್ಚಿಕೊಳ್ಳುವುದನ್ನು ಎರಡು ವಾರಕ್ಕೊಂದು ಮಾಡಿದರೆ ಮದ್ದು ಉಳಿಯುತ್ತದೆ, ಉಳಿದದ್ದನ್ನು ಕೂಡಿಸಿಟ್ಟುಕೊಂಡು ಹೊರಟುಬಿಡಬಹುದು ಎಂದು. ಫ್ರಿಜ್ಜಿನ ಬಾಗಿಲಲ್ಲಿ ಮೊಟ್ಟೆಯ ಪಕ್ಕ ಆ ಇಂಜೆಕ್ಷನ್ನಿನ ಬಿಳಿ ಪೆನ್ನುಗಳು ಹೆಚ್ಚಾಗುತ್ತಿದ್ದದ್ದನ್ನು ನೋಡಿ ಹಿಗ್ಗುತ್ತಿದ್ದೆ. ದೇಹ ಸುಮ್ಮನಿರುತ್ತದೆಯೇ? ಒಂದು ಭಾನುವಾರ ಸಂಜೆ ತರಕಾರಿ ತೆಗೆದುಕೊಂಡು ಬಂದು ಬೀಗಕ್ಕೆ ಕೀಲಿ ಹಾಕಿದೆ. ಹಾಕಿದ ಕೀಲಿಯನ್ನು ತಿರುಗಿಸಲಾಗಲಿಲ್ಲ. ಬೆರಳುಗಳು ಬೇಯಿಸಿದ ಹಾಗೆ ಊದಿದ್ದವು. ಎರಡೂ ಕೈ ಸೇರಿಸಿ ನೋಡಿದೆ, ಕರವಸ್ತ್ರ ಸುತ್ತಿ ನೋಡಿದೆ, ಕೊನೆಗೆ ಹಲ್ಲಿನಿಂದ ಕಚ್ಚಿ ತಿರುಗಿಸುವುದಕ್ಕೂ ಹೋದೆ. ಮೂರನೇ ಮಹಡಿಯ ಹೆಂಗಸು ಮೆಟ್ಟಿಲು ಹತ್ತುತ್ತಾ, “ಯಜಮಾನ್ರು ಬರ್ಲಿ ಅಂತ ಕಾಯ್ತಿದ್ದೀರಾ?” ಎಂದಳು. ಹೂಂ ಎಂದೆ. ನನ್ನದೇ ಮನೆಯ ಬಾಗಿಲಿಗೆ ಬೆನ್ನು ಕೊಟ್ಟು, ಕೀಲಿ ಬೀಗದಲ್ಲೇ ನೇತಾಡುತ್ತಿರುವಾಗ, ಗಂಡ ಆ ಮನೆಯಿಂದ ಬರಲಿ ಎಂದು ಕಾಯುತ್ತಾ ಮೆಟ್ಟಿಲ ಮೇಲೆ ಕೂತಿದ್ದೆ. ಅವರು ಬಂದರು. ಬೀಗ ತೆಗೆದರು, ಚೀಲ ಒಳಗಿಟ್ಟರು, ನನ್ನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು. ಅವರ ಅಂಗಿಗೆ ಬೇರೆ ಮನೆಯ ಸೋಪಿನ ವಾಸನೆ ಇತ್ತು. ಆಮೇಲೆ ಫ್ರಿಜ್ಜು ತೆಗೆದು, ಪೆನ್ನುಗಳನ್ನು ನೋಡಿ ಅಲ್ಲೇ ನಿಂತರು.

“ನನ್ನಿಂದ ತಪ್ಪಿಸ್ಕೊಳ್ಳೋಕೆ ಇಷ್ಟೊಂದು ಕಷ್ಟ ಪಡ್ತಿದ್ದೀಯಾ?” ಎಂದರು.

“ನಿಮ್ಮನ್ನ ಬಿಡಿಸೋದಕ್ಕೂ ಹೌದು” ಎಂದೆ.

ಅದಾಗಿ ಹೆಚ್ಚು ದಿನವಾಗಿರಲಿಲ್ಲ. ಒಂದು ಬೆಳಿಗ್ಗೆ ಅವರು ಕೆಲಸಕ್ಕೆ ಹೋದ ಮೇಲೆ ಯಾರೋ ಬಾಗಿಲು ತಟ್ಟಿದರು. ತೆಗೆದರೆ ಆ ಟೈಮ್‌ಕೀಪರ್. ಡಿಪೋದ ನೀಲಿ ಕೋಟು, ಕಂಕುಳಲ್ಲಿ ಒಂದು ಫೈಲು. ನಾನು ಅವಳನ್ನು ಬಸ್‌ಸ್ಟಾಪಿನಲ್ಲಿ ದೂರದಿಂದ ಒಮ್ಮೆ ನೋಡಿದ್ದೆ, ಅಷ್ಟೇ. ಹತ್ತಿರದಿಂದ ನನಗಿಂತ ದೊಡ್ಡವಳ ಹಾಗೆ ಕಂಡಳು. ಮುಖ ನೋಡಿ ಬೈಯುವುದಕ್ಕೆಂದು ನಾನು ಎಷ್ಟು ಸಲ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡಿದ್ದೆ ಗೊತ್ತಾ! ಒಂದೂ ನೆನಪಾಗಲಿಲ್ಲ.

“ಐದು ನಿಮಿಷ ಕೂತ್ಕೋಬಹುದಾ?” ಎಂದಳು. “ಕೂಪನ್ ತಂದಿದೀನಿ.”

ಗುಬ್ಬಿ, ಇದನ್ನು ಬೇರೆ ಯಾರಿಗಾದರೂ ಹೇಳಿದರೆ ನಂಬುವುದಿಲ್ಲ. ಅಡಿಗೆಮನೆಯ ಮೇಜಿನ ಮೇಲೆ ಅವಳು ಫೈಲು ಬಿಚ್ಚಿದಳು. ಆಸ್ಪತ್ರೆಯ ಗೋಡೆಯಿಂದ ಕೇಳಿ ತಂದದ್ದು, ಪತ್ರಿಕೆಯಿಂದ ಕತ್ತರಿಸಿದ್ದು, ಫೋನಿನಿಂದ ಅಚ್ಚು ಹಾಕಿಸಿದ್ದು. ಯಾವುದು ಯಾವ ಅಂಗಡಿಯಲ್ಲಿ ನಡೆಯುತ್ತದೆ, ಯಾವುದಕ್ಕೆ ಡಾಕ್ಟರ ಚೀಟಿ ಬೇಕು ಎಂದು ಪೆನ್ಸಿಲಿನಲ್ಲಿ ಬರೆದಿದ್ದಳು. ನಾನು ಹುಡುಕಿದ್ದೂ ಅದರಲ್ಲಿತ್ತು, ನನ್ನ ಕಣ್ಣಿಗೆ ಬೀಳದ್ದೂ ಇತ್ತು. ಒಬ್ಬ ಗಂಡಸಿನಿಂದ ಬಿಡಿಸಿಕೊಳ್ಳುವುದಕ್ಕೆ ಒಬ್ಬಳು, ಅವನನ್ನು ಬಿಡಿಸಿ ಕರೆದೊಯ್ಯುವುದಕ್ಕೆ ಒಬ್ಬಳು, ಇಬ್ಬರೂ ಒಂದೇ ಮದ್ದಿನ ಬೆಲೆ ಇಳಿಸುತ್ತಾ ಕೂತಿದ್ದೆವು. ಅವಳಿಗೂ ಅದು ಹೊಳೆಯಿತೋ ಏನೋ, ಇಬ್ಬರಿಗೂ ಒಟ್ಟಿಗೇ ನಗು ಬಂತು. ನಕ್ಕ ಮೇಲೆ ನನಗೆ ನಾಚಿಕೆಯಾಯಿತು, ಎದ್ದು ಹೋಗಿ ಚಹಾಕ್ಕೆ ನೀರಿಟ್ಟೆ.

“ನಿಮ್ಮ ಹಾಗೆ ಮಾತಾಡಿದೀನಿ, ಬೇಜಾರು ಮಾಡ್ಕೋಬೇಡಿ” ಎಂದಳು. ಸಹಾಯವಾಣಿಗೆ ನನ್ನ ಹೆಸರು ಹೇಳಿಕೊಂಡು ಫೋನ್ ಮಾಡಿದ್ದಳಂತೆ. ಎಲ್ಲಿ ನೋವು, ಯಾವಾಗಿನಿಂದ, ಹೆಬ್ಬೆರಳು ಎಷ್ಟು ಮಡಚುತ್ತದೆ, ಎಲ್ಲಕ್ಕೂ ಉತ್ತರ ಕೊಟ್ಟಿದ್ದಳಂತೆ. ನನ್ನ ನೋವನ್ನು ನಿನ್ನ ಅಣ್ಣ ಅಲ್ಲಿಗೆ ಹೋಗಿ ಇಷ್ಟು ಚೆನ್ನಾಗಿ ವಿವರಿಸುತ್ತಾರೆಂದು ನನಗೆ ತಿಳಿದಿರಲಿಲ್ಲ.

ದಾರಿ ಅವಳೇ ಹುಡುಕಿದ್ದು. ಯಾವ ಕಾರ್ಡೂ ಇಲ್ಲದ, ಒಬ್ಬರೇ ಇರುವ, ಸಣ್ಣ ಆದಾಯದ ರೋಗಿಗಳಿಗೆ ಕಂಪನಿಯೇ ಹೆಚ್ಚುಕಡಿಮೆ ಪುಕ್ಕಟೆ ಮದ್ದು ಕೊಡುತ್ತದಂತೆ. ಕಾರ್ಡು ರದ್ದಾದ ಮೇಲೆ ಅರ್ಜಿ ಹಾಕಬೇಕು. ಉತ್ತರ ಬರುವವರೆಗೂ ಹೊಸ ರೋಗಿಯ ಕೂಪನ್ ನಡೆಯುತ್ತದೆ, ಏಕೆಂದರೆ ಕಾರ್ಡಿಲ್ಲದ ನಾನು ಅವರ ಲೆಕ್ಕದಲ್ಲಿ ಹೊಸಬಳು. “ಮೊದಲ ಪೆಟ್ಟಿಗೆ ಉಚಿತ” ಎಂದು ಅವಳು ಬೆರಳಿಟ್ಟು ತೋರಿಸಿದಳು. ಇಷ್ಟು ವರ್ಷದ ಸಂಸಾರ ಅಳಿಸಿಹೋದರೆ ಒಂದು ಪೆಟ್ಟಿಗೆ ಉಚಿತ!

ಹಾಗೇ ಆಯಿತು. ಕೋರ್ಟಿನಲ್ಲಿ ನಮ್ಮದು ಊಟದ ವಿರಾಮಕ್ಕೂ ಮುಂಚೆಯೇ ಮುಗಿಯಿತು. ಕಾರ್ಡನ್ನು ಡಿಪೋದ ಗುಮಾಸ್ತ ಕತ್ತರಿಯಿಂದ ಎರಡು ತುಂಡು ಮಾಡಿದ. ಅರ್ಜಿ ಹಾಕಿದೆ, ಕೂಪನ್ ನಡೆಯಿತು, ಕಂಪನಿಯಿಂದ ಒಪ್ಪಿಗೆಯೂ ಬಂತು. ಹೋದ ಭಾನುವಾರ ನಿನ್ನ ಅಣ್ಣ ಎರಡು ಪೆಟ್ಟಿಗೆ ಬಟ್ಟೆ, ತಮ್ಮ ಉಪಕರಣಗಳ ಚೀಲ ತೆಗೆದುಕೊಂಡು ಹೊರಟರು. ಹೋಗುವ ಮುಂಚೆ ಬಾಗಿಲಿನ ಬೀಗ ಬಿಚ್ಚಿ, ಒತ್ತಿದರೆ ತೆರೆಯುವಂಥದ್ದನ್ನು ಹಾಕಿಕೊಟ್ಟರು. “ಬರ್ತೀನಿ” ಎನ್ನುವುದಕ್ಕೆ ಬಾಯಿ ತೆರೆದವರು ಮುಚ್ಚಿಕೊಂಡು, “ಹುಷಾರು” ಎಂದರು. ನಾನು ಪರದೆ ತೆಗೆದು ಒಗೆದು ಮಡಚಿಟ್ಟೆ.

ಬಿಡುಗಡೆ ಆಯಿತಲ್ಲ ಎಂದು ನೀನು ನಿಟ್ಟುಸಿರು ಬಿಡಬೇಡ. ಒಪ್ಪಿಗೆಯ ಹಿಂಬದಿಯಲ್ಲೂ ಇರುವೆಯಂಥ ಅಕ್ಷರಗಳಿವೆ. ಮೊನ್ನೆ ನಮ್ಮ ಅಂಗಡಿಯ ಮಾಲೀಕರು ಕರೆದು, “ನಿಮ್ಮ ಕೈ ನೋಡಿದ್ರೆ ನಂಗೇ ಸಂಕಟ ಆಗುತ್ತೆ. ಹೊಲಿಯೋದು ಬಿಟ್ಟು ಹುಡುಗಿಯರ ಮೇಲ್ವಿಚಾರಣೆ ನೋಡ್ಕೊಳ್ಳಿ. ಸಂಬಳಾನೂ ಜಾಸ್ತಿ” ಎಂದರು. ಹತ್ತು ವರ್ಷದಿಂದ ಕಾದ ಮಾತು. ನಾನು ಬೇಡ ಎಂದೆ. ಆ ಸಂಬಳ ಬಂದರೆ ನನ್ನ ಆದಾಯ ಕಂಪನಿಯ ಗೆರೆ ದಾಟುತ್ತದೆ, ಮದ್ದು ನಿಲ್ಲುತ್ತದೆ. ಬೆರಳು ಉಳಿಸಿಕೊಳ್ಳುವುದಕ್ಕಾಗಿ ಬೆರಳು ಸವೆಯುವ ಕೆಲಸವನ್ನೇ ಮಾಡಬೇಕು. ಅವರು ನನ್ನನ್ನು ವಿಚಿತ್ರವಾಗಿ ನೋಡಿ, “ನಿಮಗೆ ಜವಾಬ್ದಾರಿ ಅಂದ್ರೆ ಭಯ” ಎಂದರು. ಇರಲಿ ಬಿಡು. ವರ್ಷಕ್ಕೊಮ್ಮೆ ಯಾರೋ ಬಂದು ಮನೆ ನೋಡಿ ಹೋಗುತ್ತಾರಂತೆ, ನಾನು ನಿಜವಾಗಿಯೂ ಒಬ್ಬಳೇ ಇದ್ದೇನೆಯೇ ಎಂದು. ಮೊದಲು ಹೆಂಡತಿಯಾಗಿರುವುದಕ್ಕೆ ರಿಯಾಯಿತಿ. ಈಗ ಯಾರೂ ಇಲ್ಲದಿರುವುದಕ್ಕೆ.

“ನಮ್ಮನೆಗೆ ಬಂದ್ಬಿಡಿ ಅತ್ತಿಗೆ, ಮಗಳ ಕೋಣೆಯಲ್ಲಿ ಇನ್ನೊಂದು ಮಂಚ ಹಾಕಿಸ್ತೀನಿ” ಎಂದು ಬರೆದಿದ್ದೀಯ. ಬರುವ ಹಾಗಿಲ್ಲ. ನಿನ್ನ ಯಜಮಾನರ ದುಡಿಮೆಯೂ ನನ್ನ ಲೆಕ್ಕಕ್ಕೆ ಸೇರಿಬಿಡುತ್ತದೆ. ನಾಲ್ಕು ದಿನ ಉಳಿದುಕೊಂಡು ಹೋಗಬಹುದೋ ಏನೋ, ಕೇಳಬೇಕು.

ಹೊತ್ತಾಯಿತು. ಮಣಿಕಟ್ಟು ಸಾಕು ಎನ್ನುತ್ತಿದೆ. ಮಗಳಿಗೆ ಕಣ್ಣು ಕೆಡಿಸಿಕೊಂಡು ಓದಬೇಡ ಎಂದು ಹೇಳು. ಅವಳಿಗೆ ಒಳ್ಳೆಯದಾಗಲಿ, ಅವಳು ತನ್ನ ಕಾಲ ಮೇಲೆ ತಾನು ನಿಂತು, ಯಾರ ಕಾರ್ಡಿನ ಹಂಗೂ ಇಲ್ಲದೆ ಬಾಳಲಿ. ನಿನ್ನ ಮನೆ ತಣ್ಣಗಿರಲಿ.

ಇಂತಿ,
ನಿನ್ನ ಅತ್ತಿಗೆ

ಮರೆತ ಮಾತು: ಮರೆತಿರಲಿಲ್ಲ, ಬರೆಯಬೇಕೋ ಬೇಡವೋ ಎಂದು ಕೈ ಹಿಡಿದುಕೊಂಡಿದ್ದೆ. ಆ ದಿನ ಟೈಮ್‌ಕೀಪರ್ ಹೊರಡುವಾಗ, ನಾನು ಕೊಟ್ಟ ತಿಂಡಿಯ ಪೊಟ್ಟಣ ಪಕ್ಕಕ್ಕಿಟ್ಟು ಬಾಗಿಲ ಬಳಿ ಬೂಟಿನ ಲೇಸು ಕಟ್ಟುತ್ತಾ, ತಲೆ ತಗ್ಗಿಸಿಕೊಂಡೇ ಹೇಳಿದಳು, “ನಿಮ್ಮ ನಾದಿನಿ ಹೇಳ್ತಿದ್ದದ್ದು ನಿಜ. ನೀವು ಯಾರನ್ನೂ ಬರಿಗೈಲಿ ಕಳಿಸೋರಲ್ಲ.” ಯಾವ ನಾದಿನಿ ಎಂದೆ. ಅವಳ ಕೈ ಲೇಸಿನ ಮೇಲೇ ನಿಂತುಬಿಟ್ಟಿತು. ಆಮೇಲೆ ಮುಚ್ಚಿಡಲು ಅವಳಿಗೆ ಬರಲಿಲ್ಲ. ನಾಲ್ಕು ವರ್ಷದಿಂದ ನೀನು ಅವಳ ಮನೆಗೆ ಹೋಗಿಬರುತ್ತಿದ್ದೀಯಂತೆ. ನಿನ್ನ ಮಗಳ ಹುಟ್ಟುಹಬ್ಬದ ಫೋಟೋ ಅವಳ ಕಪಾಟಿನ ಮೇಲಿದೆಯಂತೆ, ಅದರಲ್ಲಿ ನೀವೆಲ್ಲ ಇದ್ದೀರಂತೆ. ಹೋದ ವರ್ಷ ನನಗೆ ವಿಷಯ ಗೊತ್ತಾದ ದಿನ ನಾನು ಮೊದಲು ಫೋನ್ ಮಾಡಿದ್ದು ನಿನಗೆ. ಉಸಿರು ಸಿಕ್ಕದ ಹಾಗೆ ಅಳುತ್ತಿದ್ದೆ. ನೀನೂ ಅತ್ತೆ. ಅತ್ತುಕೊಂಡೇ ಕೇಳಿದೆ, “ಯಾರತ್ತಿಗೆ ಅವಳು? ಎಲ್ಲಿಯವಳು?”

ಗಂಡನಿಂದ ಬೇರೆಯಾಗುವುದಕ್ಕೆ ವಕೀಲರು, ಕೋರ್ಟು ಎಂದು ಒಂದು ದಾರಿ ಇತ್ತು. ನಿನ್ನಿಂದ ಬೇರೆಯಾಗುವುದಕ್ಕೆ ಎಲ್ಲಿಗೆ ಹೋಗಬೇಕೋ ನನಗೆ ತಿಳಿಯುತ್ತಿಲ್ಲ. ಏನಾದರೂ ಹೇಳುವುದಿದ್ದರೆ ಬರೆ, ಫೋನ್ ಮಾಡಬೇಡ. ಫೋನಿನಲ್ಲಿ ನೀನು ಬಹಳ ಚೆನ್ನಾಗಿ ಅಳುತ್ತೀಯ.